ಮಳೆ ಮೊದಲೋ, ಮಸಾಲೆ ಮೊದಲೋ?

ಮಕ್ಕಳೇ, ಈ ವಾರ ಮೊದಲು ಒಂದು ಪುಟ್ಟ ಪರೀಕ್ಷೆ. ಹೆದರಬೇಡಿ, ಅಂಕ ಕೊಡುವುದಿಲ್ಲ. ಮಸಾಲೆ, ಮಳೆ, ಮಲ್ಲಿಗೆ, ಮಹಡಿ. ಈ ನಾಲ್ಕು ಪದಗಳನ್ನು ನಿಘಂಟಿನಲ್ಲಿ ಬರುವ ಹಾಗೆ ಅಕಾರಾದಿಯಾಗಿ ಜೋಡಿಸಿ. ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಕೂತಿದ್ದರೆ ಅವರನ್ನೂ ಸೇರಿಸಿಕೊಳ್ಳಿ. ಈ ಆಟದಲ್ಲಿ ಅವರೇ ಗೆಲ್ಲುವ ಸಂಭವ ಹೆಚ್ಚು!

ನಾಲ್ಕಕ್ಕೂ ಮೊದಲ ಅಕ್ಷರ ಮ. ಹಾಗಾಗಿ ಎರಡನೆಯ ಅಕ್ಷರ ನೋಡಬೇಕು. ಅಲ್ಲಿರುವುದು ಲ, ಸ, ಹ, ಳ. ನಾವೆಲ್ಲ ಚಿಕ್ಕಂದಿನಲ್ಲಿ ರಾಗವಾಗಿ ಬಾಯಿಪಾಠ ಮಾಡಿದ ಸಾಲು ನೆನಪಿದೆಯಲ್ಲ? ಯ ರ ಲ ವ ಶ ಷ ಸ ಹ ಳ. ಕಟ್ಟಕಡೆಗೆ ಬರುವುದು ಳ. ಅಂದಮೇಲೆ ಸರಿಯುತ್ತರ ಮಲ್ಲಿಗೆ, ಮಸಾಲೆ, ಮಹಡಿ, ಮಳೆ.

ಈಗ ಇವೇ ನಾಲ್ಕು ಪದಗಳನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಗೆ ಕೊಟ್ಟು, ಬೇರೇನೂ ಹೇಳದೆ ‘ಸಾರ್ಟ್ ಮಾಡು’ ಅನ್ನಿ. ಸಾರ್ಟ್ ಎಂದರೆ ಸಾಲಾಗಿ ಜೋಡಿಸುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ: ಮಲ್ಲಿಗೆ, ಮಳೆ, ಮಸಾಲೆ, ಮಹಡಿ. ಮಳೆ ಎರಡನೆಯ ಜಾಗಕ್ಕೆ ಹಾರಿದೆ. ಕಂಪ್ಯೂಟರ್ ಕೆಟ್ಟಿಲ್ಲ, ನಿದ್ದೆಯನ್ನೂ ಮಾಡುತ್ತಿಲ್ಲ. ಹಾಗಾದರೆ ಹೀಗೇಕೆ?

ಒಂದಕ್ಷರ ಆಚೀಚೆ ಆದರೆ ಮುಳುಗಿಹೋಗುವುದೇನು ಎಂದು ಹಿರಿಯರು ಕೇಳಬಹುದು. ಅವರಿಗಾಗಿ ನಮ್ಮ ಬಡಾವಣೆಯ ಪುಟ್ಟ ಓದುಮನೆಯಲ್ಲಿ ಹೋದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಾನು ಲೈಬ್ರರಿ ಕೆಲಸದಿಂದ ನಿವೃತ್ತಳಾದ ಮೇಲೆ ಅಕ್ಕಪಕ್ಕದವರೆಲ್ಲ ಸೇರಿ ನಡೆಸುತ್ತಿರುವ ಓದುಮನೆ ಅದು. ಒಂದು ಕೋಣೆ, ಆರು ಕಪಾಟು, ನಾನೂರು ಚಿಲ್ಲರೆ ಪುಸ್ತಕ. ಕಪಾಟಿನಲ್ಲಿ ಪುಸ್ತಕಗಳನ್ನು ಹೆಸರಿನ ಅಕಾರಾದಿಯಂತೆ ಇಡುವವರು ಮೇಲಿನ ಮನೆಯ ಟೀಚರಮ್ಮ. ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದವಳು ಒಂಬತ್ತನೇ ತರಗತಿಯ ಹುಡುಗಿ.

ವರ್ಷಕ್ಕೊಮ್ಮೆ ಎಲ್ಲ ಪುಸ್ತಕ ಇದೆಯೇ ಎಂದು ಎಣಿಸುವ ಕೆಲಸ. ನಾನು ಆ ವಾರ ಮಗಳ ಊರಿಗೆ ಹೋಗಿದ್ದೆ. ಒಬ್ಬರು ಪಟ್ಟಿ ಹಿಡಿದು ಹೆಸರು ಓದುವುದು, ಚಿಕ್ಕ ಮಕ್ಕಳು ಕಪಾಟಿನಲ್ಲಿ ಒಂದೊಂದೇ ಪುಸ್ತಕದ ಮೇಲೆ ಕೈಯಿಟ್ಟು ‘ಇದೆ’ ಎನ್ನುವುದು. ಕೊನೆಗೆ ನಾಲ್ಕು ಪುಸ್ತಕಗಳ ಮುಂದೆ ‘ಇಲ್ಲ’ ಎಂದು ಬಿತ್ತು. ಅದರಲ್ಲಿ ‘ಮಳೆ’ ಎಂದು ಹೆಸರು ಶುರುವಾಗುವ ಒಂದು ಪುಸ್ತಕವನ್ನು ಕೊನೆಯ ಬಾರಿ ಮನೆಗೆ ಒಯ್ದಿದ್ದವನು ಆರನೇ ತರಗತಿಯ ಹುಡುಗ. “ನಾನು ವಾಪಸ್ ತಂದು ಇಟ್ಟಿದ್ದೀನಿ ಆಂಟಿ, ನಿಜವಾಗ್ಲೂ” ಎಂದನಂತೆ. ಪಟ್ಟಿಯಲ್ಲಿ ಹೆಸರಿದೆ, ಕಪಾಟಿನಲ್ಲಿ ಪುಸ್ತಕ ಇಲ್ಲ. ಯಾರು ನಂಬುತ್ತಾರೆ? ಅಚ್ಚಾದ ಕಾಗದದ ಮಾತಿಗೆ ಇರುವ ತೂಕ ಹನ್ನೊಂದು ವರ್ಷದ ಹುಡುಗನ ಮಾತಿಗೆ ಎಲ್ಲಿ? ಅವನು ಮಾರನೆಯ ದಿನದಿಂದ ಓದುಮನೆಗೆ ಬರುವುದನ್ನೇ ಬಿಟ್ಟ.

ಗುಟ್ಟು ಒಡೆದವಳು ಪಟ್ಟಿ ಮಾಡಿದ ಹುಡುಗಿಯೇ. ಕಳೆದುಹೋದವು ಎನ್ನಲಾದ ನಾಲ್ಕು ಹೆಸರುಗಳ ಮೊದಲ ಪದಗಳನ್ನು ಒಂದರ ಕೆಳಗೆ ಒಂದು ಬರೆದಳು. ಮಳೆ, ಹಳ್ಳಿ, ಬಿಳಿ, ಕಾಳಿಂಗ. ನಿಮಗೂ ಕಾಣಿಸಿತೇ? ನಾಲ್ಕರಲ್ಲೂ ಎರಡನೆಯ ಅಕ್ಷರ ಳ ಅಥವಾ ಅದರ ಗುಣಿತ, ಒತ್ತು. ಅವಳು ಕಪಾಟಿಗೆ ಓಡಿ, ‘ಮಹ’ದಿಂದ ಶುರುವಾಗುವ ಪುಸ್ತಕಗಳನ್ನು ದಾಟಿ ನೋಡಿದಳು. ‘ಮಳೆ’ಯ ಪುಸ್ತಕ ಅಲ್ಲೇ ಬೆಚ್ಚಗೆ ಕೂತಿತ್ತು! ಟೀಚರಮ್ಮ ಇಟ್ಟ ಕ್ರಮ ಒಂದು, ಕಂಪ್ಯೂಟರ್ ಕೊಟ್ಟ ಕ್ರಮ ಇನ್ನೊಂದು. ಪುಟ್ಟ ಮಕ್ಕಳು ‘ಮಲ್ಲಿಗೆ’ಯ ಪಕ್ಕದಲ್ಲಿ ಹುಡುಕಿ, ಸಿಗದೆ, ‘ಇಲ್ಲ’ ಎಂದುಬಿಟ್ಟಿದ್ದರು. ಅವತ್ತೇ ಸಂಜೆ ಟೀಚರಮ್ಮ, ಪಟ್ಟಿ ಓದಿದವರು, ಈ ಹುಡುಗಿ ಮೂವರೂ ಆ ಹುಡುಗನ ಮನೆಗೆ ಹೋಗಿ, “ನಿನ್ನ ಮಾತು ನಂಬಬೇಕಾಗಿತ್ತು ಮಗು” ಎಂದು ಹೇಳಿ ಬಂದರು.

ಈಗ ಹೇಳಿ, ಒಂದಕ್ಷರದ ಜಾಗ ಸಣ್ಣ ವಿಷಯವೇ?

ನಾನು ಊರಿಂದ ಬಂದಮೇಲೆ ಆ ಹುಡುಗಿ ಪಟ್ಟಿ, ಲ್ಯಾಪ್‌ಟಾಪ್ ಎರಡನ್ನೂ ಹೊತ್ತು ಬಂದಳು. “ಅಜ್ಜಿ, ಕಂಪ್ಯೂಟರಿಗೆ ಕನ್ನಡ ವರ್ಣಮಾಲೆ ಬರಲ್ವಾ?” ಎಂದು ಕೇಳಿದಳು. ಕಂಪ್ಯೂಟರಿಗೆ ಯಾವ ಭಾಷೆಯ ವರ್ಣಮಾಲೆಯೂ ಬರುವುದಿಲ್ಲ. ಅದಕ್ಕೆ ಬರುವುದು ಸಂಖ್ಯೆ ಮಾತ್ರ. ಅದಕ್ಕೇ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಹಂಚುವ ಏರ್ಪಾಟಿಗೆ ಯೂನಿಕೋಡ್ ಎಂದು ಹೆಸರು. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡಕ್ಕೆ ಸಿಕ್ಕ ಬೀದಿ 3200ರಿಂದ 3327ರವರೆಗೆ. ಅ ಅಕ್ಷರದ ಮನೆ 3205, ಕ ಅಕ್ಷರದ್ದು 3221. ಲ 3250, ಳ 3251, ವ 3253, ಸ 3256, ಹ 3257. ನೋಡಿದಿರಾ? ಳ ಅಕ್ಷರದ ಮನೆ ಲ ಅಕ್ಷರದ ಪಕ್ಕದಲ್ಲೇ ಇದೆ. ಕಂಪ್ಯೂಟರ್ ಮನೆ ನಂಬರ್ ನೋಡಿ ಸಾಲು ಮಾಡಿತು, ಅಷ್ಟೆ.

ಇದು ಯಾರೋ ಕಣ್ತಪ್ಪಿನಿಂದ ಮಾಡಿದ್ದಲ್ಲ. ಭಾರತದ ಲಿಪಿಗಳಿಗೆ ಯೂನಿಕೋಡ್ ಬರುವ ಮೊದಲೇ ನಮ್ಮ ದೇಶದಲ್ಲೇ ಇಸ್ಕಿ ಎಂಬ ಸಂಕೇತ ಪದ್ಧತಿ ಇತ್ತು. ಎಲ್ಲ ಭಾರತೀಯ ಲಿಪಿಗಳಲ್ಲೂ ಒಂದೇ ಉಚ್ಚಾರದ ಅಕ್ಷರ ಒಂದೇ ಜಾಗದಲ್ಲಿರಲಿ ಎಂಬುದು ಅದರ ಯೋಚನೆ. ಯೂನಿಕೋಡ್ ಅದನ್ನೇ ಅನುಸರಿಸಿತು. ಬೀದಿಯ ಮೊದಲ ಮನೆಗೆ ಸೊನ್ನೆ ಎಂದು ಎಣಿಸಿದರೆ, ದೇವನಾಗರಿ, ತೆಲುಗು, ಕನ್ನಡ ಮೂರರಲ್ಲೂ ಕ ಇರುವುದು ತನ್ನ ತನ್ನ ಬೀದಿಯ 21ನೇ ಮನೆಯಲ್ಲಿ, ಳ ಇರುವುದು 51ನೇ ಮನೆಯಲ್ಲಿ. ಅಣ್ಣತಮ್ಮಂದಿರ ಹಾಗೆ ಎಲ್ಲ ಲಿಪಿಗಳೂ ಹೊಂದಿಕೊಂಡು ಇರಲೆಂದು ಮಾಡಿದ ವ್ಯವಸ್ಥೆಯಲ್ಲಿ ಕನ್ನಡದ ಳ ತನ್ನ ರೂಢಿಯ ಜಾಗ ಬಿಟ್ಟುಕೊಟ್ಟಿದೆ. ಮನೆ ನಂಬರ್ ಬದಲಾಯಿಸಲು ನಮಗೆ ಅಧಿಕಾರವಿಲ್ಲ. ಆದರೆ ಸಾಲು ಮಾಡುವಾಗ ಯಾವ ನಂಬರ್ ನೋಡಬೇಕು ಎಂದು ಹೇಳುವ ಅಧಿಕಾರ ನಮಗುಂಟು.

ಇದನ್ನು ತಿಳಿಯಲು ಅಡುಗೆಮನೆಗೆ ಬನ್ನಿ. ಚಕ್ಕುಲಿ ಒರಳು ನೋಡಿದ್ದೀರಲ್ಲ? ಒರಳು ಒಂದೇ, ಒತ್ತುವ ಕೈ ಒಂದೇ. ತಳಕ್ಕೆ ಹಾಕುವ ಬಿಲ್ಲೆ ಬದಲಾದರೆ ಒಮ್ಮೆ ಚಕ್ಕುಲಿ ಬರುತ್ತದೆ, ಒಮ್ಮೆ ಸೇವು ಬರುತ್ತದೆ. ಪೈಥಾನ್‌ನ ಸಾರ್ಟ್ ಎಂಬುದು ಒರಳು. ಅದರ ತಳಕ್ಕೆ ನಾವು ಒಂದು ಬಿಲ್ಲೆ ಹಾಕಬಹುದು. ಆ ಬಿಲ್ಲೆಗೆ ಫಂಕ್ಷನ್ ಎನ್ನುತ್ತಾರೆ. ಒಂದು ವಸ್ತು ಕೊಟ್ಟರೆ ಒಂದು ಉತ್ತರ ಕೊಡುವ ಪುಟ್ಟ ಯಂತ್ರ ಅದು. ಸಾರ್ಟ್ ಪ್ರತಿ ಪುಸ್ತಕವನ್ನೂ ಬಿಲ್ಲೆಗೆ ತೋರಿಸಿ, ‘ಇದನ್ನು ಯಾವ ಅಳತೆಯಿಂದ ಅಳೆಯಲಿ?’ ಎಂದು ಕೇಳುತ್ತದೆ. ಬಿಲ್ಲೆ ಹೇಳಿದ ಅಳತೆಯಂತೆ ಸಾಲು ಮಾಡುತ್ತದೆ.

ನಮ್ಮ ಹುಡುಗಿ ಮಾಡಿದ ಕನ್ನಡದ ಬಿಲ್ಲೆ ಹೀಗಿತ್ತು. ಪದದ ಪ್ರತಿ ಅಕ್ಷರಕ್ಕೂ ಅದರ ಮನೆ ನಂಬರನ್ನೇ ಬರೆ. ಆದರೆ ಳ ಸಿಕ್ಕಿದರೆ 3251ರ ಬದಲು 3257.5 ಎಂದು ಬರೆ. ಅಂದರೆ ಹ ಮುಗಿದ ಮೇಲೆ ಅರ್ಧ ಹೆಜ್ಜೆ. ಸ್ವರಚಿಹ್ನೆಗಳೆಲ್ಲ ಅದಕ್ಕಿಂತ ಮುಂದಿನ ಮನೆಗಳಲ್ಲಿರುವುದರಿಂದ ‘ಮಳೆ’ ಆದಮೇಲೆಯೇ ‘ಮಾವು’ ಬರುತ್ತದೆ. ಒಂದೇ ಒಂದು ಅರ್ಧ! ಮಲ್ಲಿಗೆ, ಮಸಾಲೆ, ಮಹಡಿ, ಮಳೆ ಎಂದು ನಿಘಂಟಿನ ಹಾಗೆಯೇ ಬಂತು. ಟೀಚರಮ್ಮನ ಕಪಾಟು, ಹುಡುಗಿಯ ಪಟ್ಟಿ ಎರಡೂ ರಾಜಿಯಾದವು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಪಟ್ಟಿ ಸರಿಯಾಯಿತು ಎಂದು ಗೊತ್ತಾದ ಕೂಡಲೇ ಎಲ್ಲರೂ ಬೇಡಿಕೆ ಹಿಡಿದು ಬಂದರು. ಅಜ್ಜಿಯರಿಗೆ ಲೇಖಕರ ಹೆಸರಿನಂತೆ ಬೇಕು, ಒಬ್ಬರೇ ಲೇಖಕರದ್ದು ಹಲವು ಇದ್ದರೆ ಹೊಸ ಪುಸ್ತಕ ಮೇಲೆ ಬರಬೇಕು. ಎರಡನೇ ತರಗತಿಯ ಮಕ್ಕಳಿಗೆ ಪುಟ ಕಡಿಮೆ ಇರುವುದು ಮೊದಲು ಬೇಕು. ಟೀಚರಮ್ಮನಿಗೆ ಕೊಂಡೊಯ್ದ ದಿನದಂತೆ ಬೇಕು. ನಮ್ಮ ಪಟ್ಟಿಯಲ್ಲಿ ಐದು ವಿವರ ಇದ್ದವು: ಹೆಸರು, ಲೇಖಕರು, ಪುಟ, ಪ್ರಕಟವಾದ ವರ್ಷ, ಕೊಂಡೊಯ್ದ ದಿನ. ಇವುಗಳಲ್ಲಿ ಯಾವುದಾದರೂ ಎರಡನ್ನು ಒಂದಾದ ಮೇಲೊಂದು ಆರಿಸಲು 20 ಬಗೆ. ಪ್ರತಿಯೊಂದನ್ನೂ ಏರಿಕೆಯಲ್ಲೋ ಇಳಿಕೆಯಲ್ಲೋ ಜೋಡಿಸಬಹುದಾದ್ದರಿಂದ 80 ಬಗೆ. ಮೂರು ವಿವರ ಆರಿಸಿದರೆ 480 ಬಗೆ! ಲೆಕ್ಕ ಮಾಡಿ ನೋಡಿ. 480 ಬಿಲ್ಲೆ ಕೊರೆಯುತ್ತಾ ಕೂತರೆ ಬೇಸಿಗೆ ರಜೆ ಮುಗಿದು ದಸರಾ ರಜೆಯೂ ಮುಗಿದೀತು.

ಆಗ ನಾನು ಆ ಹುಡುಗಿಗೆ ನಮ್ಮ ಲೈಬ್ರರಿಯವರ ಗುರುವಿನ ಕಥೆ ಹೇಳಿದೆ. ಎಸ್. ಆರ್. ರಂಗನಾಥನ್ ಎಂದು ಹೆಸರು. ಗಣಿತದ ಮೇಷ್ಟರಾಗಿದ್ದವರು ಲೈಬ್ರರಿಯನ್ ಆಗಿ, 1924ರಲ್ಲಿ ಓದಲು ಲಂಡನ್‌ಗೆ ಹೋದರು. ಪುಸ್ತಕಗಳಿಗೆ ವಿಷಯದ ಪ್ರಕಾರ ಜಾಗ ಕೊಡುವುದು ಹೇಗೆ ಎಂಬ ಚಿಂತೆ ಅವರದು. ಮೊದಲೇ ಎಲ್ಲ ವಿಷಯಗಳ ಪಟ್ಟಿ ಮಾಡಿಟ್ಟರೆ, ನಾಳೆ ಹೊಸ ವಿಷಯ ಬಂದಾಗ ಅದಕ್ಕೆ ಜಾಗವೇ ಇರುವುದಿಲ್ಲ. ಒಂದು ದಿನ ಅಲ್ಲಿನ ಸೆಲ್ಫ್ರಿಜಸ್ ಎಂಬ ದೊಡ್ಡ ಅಂಗಡಿಯಲ್ಲಿ ಮೆಕ್ಕಾನೋ ಆಟಿಕೆ ಕಂಡರು. ತೂತುಗಳಿರುವ ಪಟ್ಟಿಗಳು, ಚಕ್ರಗಳು, ನಟ್ಟು, ಬೋಲ್ಟು. ಅವೇ ತುಂಡುಗಳಿಂದ ಬೇಕಾದಾಗ ಬೇಕಾದ ಆಟಿಕೆ! ವಿಷಯಗಳನ್ನೂ ಹೀಗೇ ಸಣ್ಣ ತುಂಡುಗಳಿಂದ ಆಗಿಂದಾಗ ಕಟ್ಟಬಹುದಲ್ಲ ಎಂದು ಅವರಿಗೆ ಹೊಳೆಯಿತು. ಅದರಿಂದ ಬೆಳೆದ ‘ಕೋಲನ್ ವರ್ಗೀಕರಣ’ 1933ರಲ್ಲಿ ಪ್ರಕಟವಾಯಿತು. ಮುಂದೆ ಅವರು ನಮ್ಮ ಬೆಂಗಳೂರಿಗೇ ಬಂದು ನೆಲೆಸಿ, 1962ರಲ್ಲಿ ಲೈಬ್ರರಿ ಶಾಸ್ತ್ರದ ತರಬೇತಿ, ಸಂಶೋಧನೆಗಾಗಿ ಒಂದು ಕೇಂದ್ರ ಕಟ್ಟಿದರು. ಅವರು ಹುಟ್ಟಿದ ತಿಂಗಳು ಆಗಸ್ಟ್. 12ನೇ ತಾರೀಖು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನ.

ಕಥೆ ಮುಗಿಯುವ ಮೊದಲೇ ಹುಡುಗಿಯ ಕಣ್ಣು ಮಿಂಚಿತು. “ಹಾಗಾದ್ರೆ ನಾನು ಬಿಲ್ಲೆ ಮಾಡೋದು ಬೇಡ ಅಜ್ಜಿ. ಬಿಲ್ಲೆ ಮಾಡಿಕೊಡೋ ಬಡಗಿನ ಮಾಡ್ತೀನಿ!”

ಪೈಥಾನ್, ಜಾವಾಸ್ಕ್ರಿಪ್ಟ್‌ನಂಥ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಇದು ಸುಲಭ. ಬರೆದ ಕೂಡಲೇ ನಡೆಸಿ ನೋಡಬಹುದಾದ ಭಾಷೆಗಳು ಇವು. ಪೈಥಾನ್ ಮಾಡಿದವರು ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್, ಹೊರಬಂದದ್ದು 1991ರಲ್ಲಿ. ಹೆಸರು ಹೆಬ್ಬಾವಿನದಲ್ಲ ಮಕ್ಕಳೇ, ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದ್ದು. ಇಂಥ ಭಾಷೆಗಳಲ್ಲಿ ಫಂಕ್ಷನ್ ಎಂಬುದು ಒಂದು ಸಾಮಾನಿದ್ದಂತೆ. ಅದನ್ನು ಡಬ್ಬಿಯಲ್ಲಿಡಬಹುದು, ಇನ್ನೊಬ್ಬರ ಕೈಗೆ ಕೊಡಬಹುದು. ಒಂದು ಫಂಕ್ಷನ್ ಇನ್ನೊಂದು ಹೊಸ ಫಂಕ್ಷನ್ ತಯಾರಿಸಿ ಕಳಿಸಬಹುದು. ಹಾಗೆ ಹೊರಟ ಹೊಸ ಫಂಕ್ಷನ್ ತಾನು ಹುಟ್ಟಿದಾಗ ಹೇಳಿದ ಮಾತನ್ನು ಮರೆಯುವುದಿಲ್ಲ. ಊರಿಗೆ ಹೊರಟವರಿಗೆ ಅಮ್ಮ ಬುತ್ತಿ ಕಟ್ಟಿಕೊಟ್ಟ ಹಾಗೆ, ‘ಪುಟ, ಕಡಿಮೆಯಿಂದ ಹೆಚ್ಚಿಗೆ’ ಎಂಬ ಮಾತನ್ನು ಗಂಟು ಕಟ್ಟಿಕೊಂಡೇ ಹೋಗಿರುತ್ತದೆ.

ಅವಳ ಬಡಗಿ ಕೇಳುವುದು ಎರಡೇ ಪ್ರಶ್ನೆ. ಯಾವ ವಿವರ? ಏರಿಕೆಯೋ ಇಳಿಕೆಯೋ? ಉತ್ತರ ಕೊಟ್ಟರೆ ಬಿಲ್ಲೆ ಸಿದ್ಧ. ವಿವರ ಪದವಾಗಿದ್ದರೆ ಅದಕ್ಕೆ ಳ ಸರಿಪಡಿಸುವ ಕನ್ನಡದ ಬಿಲ್ಲೆಯನ್ನೂ ತಾನೇ ಸೇರಿಸುತ್ತದೆ. ಪುಟದಂತೆ ಸಂಖ್ಯೆಯಾಗಿದ್ದರೆ ಸಂಖ್ಯೆ ಎಂದೇ ಹೇಳುತ್ತದೆ. ಇದನ್ನು ಹೇಳದಿದ್ದರೆ ಇನ್ನೊಂದು ತಮಾಷೆ ಆಗುತ್ತದೆ. ಸಂಖ್ಯೆಯನ್ನು ಪದ ಎಂದುಕೊಂಡ ಕಂಪ್ಯೂಟರ್ 100 ಪುಟದ ಪುಸ್ತಕವನ್ನು 25 ಪುಟದ್ದಕ್ಕಿಂತ ಮೊದಲು ಇಡುತ್ತದೆ. ಏಕೆಂದರೆ ಮೊದಲ ಅಕ್ಷರ 1, ಅದು 2ಕ್ಕಿಂತ ಚಿಕ್ಕದು!

ಎರಡು ಮೂರು ನಿಯಮ ಸೇರಿದಾಗ? ಅದಕ್ಕೂ ಸೊಗಸಾದ ಉಪಾಯವಿದೆ. ಪೈಥಾನ್‌ನ ಸಾರ್ಟ್‌ಗೆ ಒಂದು ಒಳ್ಳೆಯ ಗುಣ. ಇಬ್ಬರು ಸಮಸಮ ಬಂದರೆ ಮೊದಲು ಯಾವ ಕ್ರಮದಲ್ಲಿ ನಿಂತಿದ್ದರೋ ಅದನ್ನು ಕೆಡಿಸುವುದಿಲ್ಲ. ಆದ್ದರಿಂದ ಕೊನೆಯ ನಿಯಮದಿಂದ ಶುರು ಮಾಡಿ ಮೊದಲನೆಯ ನಿಯಮಕ್ಕೆ ಬರಬೇಕು. ಅಜ್ಜಿಯರ ಪಟ್ಟಿಗೆ ಮೊದಲು ವರ್ಷದಂತೆ ಜೋಡಿಸಿ, ಆಮೇಲೆ ಲೇಖಕರಂತೆ ಜೋಡಿಸಿದರೆ, ಒಬ್ಬೊಬ್ಬ ಲೇಖಕರ ಒಳಗೆ ವರ್ಷದ ಕ್ರಮ ಹಾಗೇ ಉಳಿದಿರುತ್ತದೆ. ಇದನ್ನು ನೀವು ಇಸ್ಪೀಟ್ ಎಲೆಗಳಲ್ಲಿ ಅಜ್ಜನ ಜೊತೆ ಮಾಡಿ ನೋಡಿ. ಮೊದಲು ಎಲ್ಲ ಎಲೆಗಳನ್ನೂ ಸಂಖ್ಯೆಯಂತೆ ಜೋಡಿಸಿ. ಆಮೇಲೆ ಕ್ರಮ ಕೆಡಿಸದೆ ಒಂದೊಂದೇ ಎಲೆ ತೆಗೆದು ಆಟೀನು, ಇಸ್ಪೀಟು, ಡೈಮಂಡು, ಕ್ಲಾವರು ಎಂದು ನಾಲ್ಕು ರಾಶಿಗೆ ಹಾಕಿ. ಪ್ರತಿ ರಾಶಿಯೂ ತಾನಾಗಿ ಸಂಖ್ಯೆಯಂತೆ ಕೂತಿರುತ್ತದೆ.

ಒಂದು ಎಚ್ಚರಿಕೆಯ ಮಾತು. ಹುಡುಗಿಯ ಗೆಳೆಯನೊಬ್ಬ ಅಡ್ಡದಾರಿ ತೋರಿಸಿದ. “ಯಾರಿಗೆ ಏನು ಬೇಕೋ ಅದನ್ನ ಅವರೇ ಟೈಪ್ ಮಾಡ್ಲಿ, ಅದನ್ನೇ ಪ್ರೋಗ್ರಾಂ ಅಂತ ನಡೆಸಿಬಿಡು.” ಹೀಗೆ ಮಾಡಲು ಈ ಭಾಷೆಗಳಲ್ಲಿ ಅವಕಾಶವಿದೆ. ಆದರೆ ಅದು ದಾರಿಹೋಕರ ಕೈಗೆ ಮನೆಯ ಬೀಗದಕೈ ಕೊಟ್ಟ ಹಾಗೆ. ಯಾರಾದರೂ ತುಂಟತನಕ್ಕೆ ‘ಪಟ್ಟಿಯನ್ನೆಲ್ಲ ಅಳಿಸು’ ಎಂದು ಬರೆದರೆ ಕಂಪ್ಯೂಟರ್ ಅದನ್ನೂ ಅಷ್ಟೇ ವಿನಯದಿಂದ ಮಾಡುತ್ತದೆ. ಐದು ವಿವರಗಳಲ್ಲಿ ಒಂದನ್ನು ಆರಿಸಿ ಎನ್ನುವುದೇ ಒಳ್ಳೆಯ ದಾರಿ. ತುಂಡುಗಳು ನಮ್ಮವು, ಜೋಡಣೆ ನಿಮ್ಮದು.

ಬಡಗಿ ಸಿದ್ಧವಾದ ಮೇಲೆ ಓದುಮನೆಯಲ್ಲಿ ಒಂದು ಚರ್ಚೆ ಎದ್ದಿತು. ಎಲ್ಲರೂ ಕೇಳುವ ಒಂದು ಪುಸ್ತಕಕ್ಕೆ ಕಾಯುವವರ ಸಾಲು. ಯಾರು ಮೊದಲು? ಮೊದಲು ಕೇಳಿದವರು ಎಂದರು ಕೆಲವರು. ಒಂದೇ ದಿನ ಮೂವರು ಕೇಳಿದರೆ? ಹೆಸರಿನ ಅಕಾರಾದಿ ಎಂದ ಒಬ್ಬ, ಅವನ ಹೆಸರು ಅ ಅಕ್ಷರದ್ದು! ಹ ಅಕ್ಷರದ ಹುಡುಗಿ ಸುಮ್ಮನಿರುತ್ತಾಳೆಯೇ? “ಹಾಗಾದ್ರೆ ನನಗೆ ಯಾವಾಗ್ಲೂ ಕೊನೇಲೇ ಸಿಗೋದು” ಎಂದಳು. ಕೊನೆಗೆ, ಆ ತಿಂಗಳು ಕಡಿಮೆ ಪುಸ್ತಕ ಸಿಕ್ಕವರು ಮುಂದೆ ಎಂದು ಮಕ್ಕಳೇ ಒಪ್ಪಿದರು. ಬಡಗಿಗೆ ಆರನೆಯ ವಿವರವೊಂದು ಸೇರಿತು, ಎರಡು ನಿಮಿಷದ ಕೆಲಸ. ಒಪ್ಪಂದಕ್ಕೆ ಹಿಡಿದದ್ದು ಮಾತ್ರ ಒಂದು ಗಂಟೆ.

ಆ ಒಂದು ಗಂಟೆಯೇ ಮುಖ್ಯ ಎಂದು ನನಗೆ ತೋರುತ್ತದೆ. ಶಾಲೆಯ ಹಾಜರಿ, ಬಹುಮಾನದ ಪಟ್ಟಿ, ಕಾಯುವವರ ಸಾಲು, ಎಲ್ಲೆಲ್ಲೂ ಯಾರೋ ಮೊದಲು, ಯಾರೋ ಕೊನೆ. ಪಟ್ಟಿ ಅಚ್ಚಾಗಿ ಬಂದಿದೆ ಎಂದಮಾತ್ರಕ್ಕೆ ಅದು ಸತ್ಯ ನುಡಿಯುವುದಿಲ್ಲ, ತನಗೆ ಹಾಕಿದ ಬಿಲ್ಲೆಯನ್ನು ನುಡಿಯುತ್ತದೆ. ಪಟ್ಟಿಗೂ ಮಗುವಿಗೂ ಜಗಳ ಬಂದಾಗ ಹಿರಿಯರು ಒಂದು ಗಳಿಗೆ ತಾಳಿ, ಯಾವ ಬಿಲ್ಲೆ ಹಾಕಿದ್ದಾರೆ ಎಂದು ಕೇಳಿದರೆ ಚೆನ್ನ. ಮಕ್ಕಳೇ, ಬಿಲ್ಲೆ ಮಾಡುವುದನ್ನು ನೀವು ಕಲಿತರೆ ಇನ್ನೂ ಚೆನ್ನ.

ಈ ವಾರದ ಮನೆಗೆಲಸ: ಕಾಸು, ಕಾಳು, ಕಾವೇರಿ, ಕಾಲು, ಕಾಹಳೆ, ಕಾಶಿ. ಇವನ್ನು ಒಮ್ಮೆ ಅಜ್ಜಿಯ ಕ್ರಮದಲ್ಲಿ, ಒಮ್ಮೆ ಮನೆ ನಂಬರಿನ ಕ್ರಮದಲ್ಲಿ ಬರೆಯಿರಿ. ಶ ಅಕ್ಷರದ ನಂಬರ್ 3254. ಆಮೇಲೆ ಮನೆಯಲ್ಲಿರುವ ಹತ್ತು ಪುಸ್ತಕ ತೆಗೆದು, ಅಜ್ಜ ಅಜ್ಜಿ ಹೇಳಿದ ಎರಡು ನಿಯಮದಂತೆ ಜೋಡಿಸಿ. ಎರಡು ಪುಸ್ತಕ ಸಮಸಮ ಬಂದರೆ ಏನು ಮಾಡಬೇಕೆಂದು ಜೋಡಿಸುವ ಮೊದಲೇ ಮಾತಾಡಿಕೊಳ್ಳಿ. ಉತ್ತರ ಮುಂದಿನ ವಾರ.